ಬೋರ್ಡಿನಲ್ಲಿ ಕನ್ನಡ, ಮೇಷ್ಟರ ಬಾಯಿಗೆ ಬೀಗ!



ನಮ್ಮ ಮೈಸೂರಿನ ಯಾವುದಾದರೂ ದೊಡ್ಡ ಇಂಗ್ಲಿಷ್ ಶಾಲೆಯ ಗೇಟಿನ ಮುಂದೆ ನಿಂತು ತಲೆ ಎತ್ತಿ ನೋಡಿ. ನಾಮಫಲಕದಲ್ಲಿ ಕನ್ನಡ ದಪ್ಪ ಅಕ್ಷರಗಳಲ್ಲಿ ರಾರಾಜಿಸುತ್ತಿರುತ್ತದೆ. 2024ರಲ್ಲಿ ತಿದ್ದುಪಡಿ ಕಾನೂನು ಬಂತಲ್ಲ, ನಾಮಫಲಕಗಳಲ್ಲಿ ಶೇಕಡ 60 ಭಾಗ ಕನ್ನಡ ಇರಲೇಬೇಕೆಂದು? ಅದಾದ ಮೇಲೆ ಊರಿನ ಬೋರ್ಡುಗಳಿಗೆಲ್ಲ ಕನ್ನಡದ ನೆನಪು ಬಂದಿದೆ. ಸಂತೋಷ. ಈಗ ಅದೇ ಗೇಟು ದಾಟಿ ಸ್ಟಾಫ್ ರೂಮಿಗೆ ಬನ್ನಿ. ಮೇಷ್ಟರುಗಳ ಫೋನುಗಳು ಒಟ್ಟಿಗೆ ಟಿಣ್ ಅನ್ನುತ್ತವೆ. ಆಡಳಿತ ಮಂಡಳಿಯಿಂದ ಸಿಬ್ಬಂದಿಗೆಲ್ಲ ಇಮೇಲ್ ಬಂದಿದೆ. ‘ಡಿಯರ್ ಆಲ್’ ಎಂದು ಶುರು, ‘ರಿಗಾರ್ಡ್ಸ್’ ಎಂದು ಮುಕ್ತಾಯ. ನಡುವೆ ದುರ್ಬೀನು ಹಿಡಿದು ಹುಡುಕಿದರೂ ಒಂದೇ ಒಂದು ಕನ್ನಡ ಅಕ್ಷರ ಸಿಗದು!

ಗೇಟಿನ ಹೊರಗೆ ಶೇಕಡ 60. ಗೇಟಿನ ಒಳಗೆ ಸೊನ್ನೆ. ಇದು ಯಾವ ಸೀಮೆಯ ಲೆಕ್ಕ ಸ್ವಾಮಿ?

1982ರ ಗೋಕಾಕ್ ಚಳವಳಿಯಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದಾಗ ನಾಡಿಗೆ ನಾಡೇ ಎದ್ದು ನಿಂತದ್ದು ಶಾಲೆಯಲ್ಲಿ ಮಗು ಕಲಿಯುವ ಕನ್ನಡಕ್ಕಾಗಿ. 2015ರಲ್ಲಿ ಬಂದ ಕನ್ನಡ ಭಾಷಾ ಕಲಿಕಾ ಕಾಯ್ದೆಯೂ ಮಗುವಿನ ಪಾಠಕ್ಕಾಗಿ. 2024ರ ತಿದ್ದುಪಡಿ ಗೋಡೆಯ ಮೇಲಿನ ಬೋರ್ಡಿಗಾಗಿ. ಮಗುವಿನ ಬೆಂಚು ನೋಡಿದೆವು, ಗೋಡೆ ನೋಡಿದೆವು. ಮೇಷ್ಟರ ಮೇಜನ್ನು ಮಾತ್ರ ಯಾರೂ ನೋಡಲಿಲ್ಲ. ಕನ್ನಡ ನೆಲದ ಶಾಲೆಯಲ್ಲಿ, ಕನ್ನಡಿಗರಾದ ಮೇಷ್ಟರಿಗೆ, ಕನ್ನಡಿಗರಾದ ಆಡಳಿತಗಾರರು ಬರೆಯುವ ಪತ್ರ ಯಾವ ಭಾಷೆಯಲ್ಲಿದೆ ಎಂದು ನಾವು ಕೇಳಿದ್ದುಂಟೆ?

ಸೂಚನಾ ಪುಸ್ತಕ ಹೋಯಿತು, ಸೊಲ್ಲೂ ಹೋಯಿತು

ನಾನು ಅಚ್ಚುಕೂಟದವನು. ಓದಿದ್ದು ಪಿಯುಸಿ. ಮೊಳೆ ಜೋಡಿಸಿ ಟ್ರೆಡಲ್ ತುಳಿಯುವ ಕಾಲದ ಕೊನೆ ಕಂಡವನು, ಡಿಟಿಪಿ ಕಾಲಕ್ಕೂ ಬಂದವನು. ಶಾಲೆಗಳ ಡೈರಿ, ಅಂಕಪಟ್ಟಿ, ರಸೀದಿ ಪುಸ್ತಕ, ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ ಅಚ್ಚು ಹಾಕಿಯೇ ಮನೆ ನಡೆಸಿದ್ದೇನೆ. ಆದ್ದರಿಂದ ಶಾಲೆಗಳ ಒಳಗಿನ ಕಾಗದಪತ್ರದ ಸಂಗತಿ ನನಗೆ ತಿಳಿಯದ್ದೇನಲ್ಲ.

ಹಿಂದೆ ಪ್ರತಿ ಶಾಲೆಯಲ್ಲೂ ಒಂದು ಸೂಚನಾ ಪುಸ್ತಕ ಇರುತ್ತಿತ್ತು. ಮುಖ್ಯೋಪಾಧ್ಯಾಯರು ನಾಲ್ಕು ಸಾಲು ಬರೆದು ಕೊಡುವರು. ಅಟೆಂಡರ್ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ತರಗತಿಯಿಂದ ತರಗತಿಗೆ ಹೋಗುವನು. ಮೇಷ್ಟರು ಓದಿ ರುಜು ಹಾಕುವರು. ಯಾವುದಾದರೂ ಸಾಲು ಸರಿ ಕಾಣದಿದ್ದರೆ ಪಕ್ಕದ ತರಗತಿಯವರನ್ನು ಕೇಳುವರು, ಬಿಡುವಿನಲ್ಲಿ ಮುಖ್ಯೋಪಾಧ್ಯಾಯರ ಕೋಣೆಗೇ ಹೋಗಿ ‘ಇದೇನು ಸಾರ್ ಹೀಗೆ?’ ಎಂದು ಕನ್ನಡದಲ್ಲೇ ಕೇಳುವರು. ಸೂಚನೆ ಇಂಗ್ಲಿಷಿನಲ್ಲಿದ್ದರೂ ಜಗಳ ಕನ್ನಡದಲ್ಲಿ ಆಗುತ್ತಿತ್ತು.

ಇಮೇಲ್ ಬಂದ ಮೇಲೆ ಆಟ ಬದಲಾಯಿತು. ಪತ್ರವೂ ಇಂಗ್ಲಿಷು, ಉತ್ತರವೂ ಇಂಗ್ಲಿಷು. ಅದಕ್ಕಿಂತ ಮುಖ್ಯವಾದದ್ದು, ‘ಎಲ್ಲರಿಗೂ ಉತ್ತರ’ ಎಂಬ ಗುಂಡಿ ಒತ್ತಿದರೆ ಅರವತ್ತು ಸಹೋದ್ಯೋಗಿಗಳ ಕಣ್ಣೆದುರು ನಿಮ್ಮ ವ್ಯಾಕರಣ ಬೆತ್ತಲಾಗುತ್ತದೆ. ಹದಿನೈದು ಇಪ್ಪತ್ತು ವರ್ಷ ಪಾಠ ಹೇಳಿದ ಮೇಷ್ಟರು ಮತ್ತೆ ಪರೀಕ್ಷೆಗೆ ಕೂರಬೇಕು. ಪರೀಕ್ಷೆಯ ವಿಷಯ ಪಾಠ ಹೇಳುವ ಕಲೆಯಲ್ಲ, ಇಂಗ್ಲಿಷ್ ಪತ್ರ ಬರೆಯುವ ಕಲೆ!

ಮೌನವೇ ಒಪ್ಪಿಗೆಯಂತೆ!

ಒಂದು ಶಾಲೆಯ ಕನ್ನಡ ಮೇಡಂ ಒಬ್ಬರು ವಾರ್ಷಿಕ ಸಂಚಿಕೆಯ ಪ್ರೂಫು ತಿದ್ದಲು ನಮ್ಮ ಅಚ್ಚುಕೂಟಕ್ಕೆ ಬರುತ್ತಿದ್ದರು. ಶಾಲೆಯ ಹೆಸರು ಬೇಡ, ಅವರ ಅನ್ನಕ್ಕೆ ನಾನು ಕಲ್ಲು ಹಾಕುವುದಿಲ್ಲ. ಒಂದು ಒತ್ತಕ್ಷರ ತಪ್ಪಿದರೂ ಹಿಡಿಯುವ ಕಣ್ಣು ಅವರದು. ಅವರ ಶಾಲೆಯಲ್ಲಿ ಒಂದು ಇಮೇಲ್ ಬಂತು. ಬೇಸಿಗೆ ರಜೆಯಲ್ಲಿ ಎರಡು ವಾರ ಶಿಬಿರದ ಕೆಲಸಕ್ಕೆ ಬರಬೇಕು, ಆಕ್ಷೇಪ ಇದ್ದವರು ಮೂರು ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ಕೊಡದಿದ್ದರೆ ಒಪ್ಪಿಗೆ ಎಂದೇ ತಿಳಿಯಲಾಗುವುದು. ಸಂಬಳದ ಮಾತೇ ಇಲ್ಲ. ಮೇಡಂಗೆ ಆಕ್ಷೇಪ ಇತ್ತು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಆದರೂ ಉತ್ತರ ಬರೆಯಲಿಲ್ಲ.

‘ಇಂಗ್ಲಿಷು ಅರ್ಥ ಆಗ್ಲಿಲ್ವಾ ಮೇಡಂ?’ ಎಂದು ಕೇಳಿದೆ.

‘ಅರ್ಥ ಆಯ್ತು ಸಾರ್. ಬರೆಯೋಕೆ ಭಯ. ಹೋದ ವರ್ಷ ನಮ್ಮ ಪಿ.ಟಿ. ಮೇಷ್ಟರು ಒಂದು ಸಾಲು ತಪ್ಪು ಬರೆದಿದ್ದಕ್ಕೆ ಆ ಸಾಲು ವಾಟ್ಸಾಪಿನಲ್ಲಿ ಊರೆಲ್ಲಾ ಸುತ್ತಿತು.’

‘ಕನ್ನಡದಲ್ಲೇ ಬರೀಬೋದಿತ್ತಲ್ಲ?’

‘ಕನ್ನಡದಲ್ಲಾ? ನಕ್ಕುಬಿಡ್ತಾರೆ ಸಾರ್.’

ಕೇಳಿದಿರಾ? ಕನ್ನಡ ಎಂ.ಎ. ಮಾಡಿದ ಹೆಣ್ಣುಮಗಳು ಮೈಸೂರಿನ ನಟ್ಟನಡುವೆ ಕನ್ನಡದಲ್ಲಿ ‘ನನಗೆ ಒಪ್ಪಿಗೆ ಇಲ್ಲ’ ಎಂದು ಮೂರು ಪದ ಬರೆಯಲು ಹೆದರುತ್ತಾರೆ! ಎರಡು ವಾರದ ರಜೆ ಹೋಯಿತು. ರಜೆ ಹೋದದ್ದಕ್ಕಿಂತ ಬಾಯಿ ಹೋದದ್ದು ದೊಡ್ಡ ನಷ್ಟ. ಗುಲಾಮಗಿರಿ ಎಂದರೆ ಇದೇ. ಮೈಗೆ ಕಟ್ಟಿದ ಸರಪಳಿ ಕಾಣುತ್ತದೆ, ನಾಲಿಗೆಗೆ ಕಟ್ಟಿದ್ದು ಕಾಣುವುದಿಲ್ಲ.

ಈ ಏಟು ಯಾರ ಮೇಲೆ ಬೀಳುತ್ತದೆ ಲೆಕ್ಕ ಹಾಕಿ. ಕನ್ನಡ ಮೇಷ್ಟರು, ಪಿ.ಟಿ. ಮೇಷ್ಟರು, ಡ್ರಾಯಿಂಗ್ ಮೇಷ್ಟರು, ಸಂಗೀತದ ಟೀಚರು, ಅಟೆಂಡರು, ಆಯಾ, ಬಸ್ಸಿನ ಡ್ರೈವರು. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿ ಮೇಲೆ ಬಂದ ಗಣಿತದ ಮೇಷ್ಟರು. ನಂಜನಗೂಡು, ತಿ. ನರಸೀಪುರ, ಹುಣಸೂರು ಕಡೆಯಿಂದ ದಿನಾ ಬಸ್ಸು ಹತ್ತಿ ಬರುವವರು. ಮಾತು ಬರುವವನಿಗೆ ಬಡ್ತಿ, ಕೆಲಸ ಬರುವವನಿಗೆ ಬೈಗುಳ! ಮಕ್ಕಳೇನು ಕುರುಡರೇ? ಸ್ಟಾಫ್ ರೂಮಿನಲ್ಲಿ ಯಾರು ದನಿ ಎತ್ತಿ ಮಾತಾಡುತ್ತಾರೆ, ಯಾರು ಮೂಲೆಯಲ್ಲಿ ಮುದುರಿ ಕೂರುತ್ತಾರೆ ಎಂದು ಅವರು ನೋಡುತ್ತಾರೆ. ಕನ್ನಡ ಪೀರಿಯಡ್ಡಿನಲ್ಲಿ ನೂರು ಪದ್ಯ ಬಾಯಿಪಾಠ ಮಾಡಿಸಿದರೂ, ಕನ್ನಡದ ಬೆಲೆ ಎಷ್ಟು ಎಂಬ ಪಾಠವನ್ನು ಮಗು ಕಲಿಯುವುದು ಅಲ್ಲಿ.

ನೆಪಗಳ ಜಾತ್ರೆ

ಕೇಳಿದರೆ ಆಡಳಿತ ಮಂಡಳಿಯವರು ನೆಪಗಳ ಮೂಟೆ ಬಿಚ್ಚುತ್ತಾರೆ. ಒಂದೊಂದಾಗಿ ನೋಡೋಣ.

‘ನಮ್ಮದು ಸಿಬಿಎಸ್ಇ, ಇಂಗ್ಲಿಷೇ ಬೇಕು.’ ದೆಹಲಿಯ ಮಂಡಳಿಗೆ ಬರೆಯುವ ಪತ್ರ ಇಂಗ್ಲಿಷಿನಲ್ಲೇ ಇರಲಿ, ಯಾರು ಬೇಡ ಅಂದರು? ಶನಿವಾರ ಊಟದ ಹೊತ್ತಿನಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಎಂಬ ಪಟ್ಟಿಯನ್ನೂ ದೆಹಲಿಗೆ ಕಳಿಸುತ್ತೀರಾ?

‘ಸುಪ್ರೀಂ ಕೋರ್ಟ್ ತೀರ್ಪು ನಮ್ಮ ಪರ ಇದೆ.’ 2014ರ ಮೇ 6ರಂದು ಸಂವಿಧಾನ ಪೀಠ ಹೇಳಿದ್ದು, ಮಕ್ಕಳ ಕಲಿಕೆಯ ಮಾಧ್ಯಮ ಮಾತೃಭಾಷೆಯೇ ಆಗಬೇಕೆಂದು ಸರ್ಕಾರ ಹೇರುವಂತಿಲ್ಲ ಎಂದು. ಅದು ಪಾಠದ ಮಾತು. ಮೇಷ್ಟರಿಗೆ ಕನ್ನಡದಲ್ಲಿ ಪತ್ರ ಬರೆಯಬಾರದು ಎಂದು ಅದರಲ್ಲಿ ಎಲ್ಲಿದೆ ತೋರಿಸಿ!

‘ಕೇರಳದವರು, ಉತ್ತರದವರು ಇದ್ದಾರೆ, ಅವರಿಗೆ ಕನ್ನಡ ಬರದು.’ ಅವರೂ ನಮ್ಮ ಮೇಷ್ಟರೇ, ಅವರ ಮೇಲೆ ನಮಗೆ ಹಗೆ ಇಲ್ಲ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷು ಹಾಕಿ. ಒಂದೇ ಪತ್ರದಲ್ಲಿ ಎರಡು ಭಾಷೆ ಹಿಡಿಯುವುದಿಲ್ಲವೇ? ಇನ್ನು ಕಲಿಯುವ ಮಾತು. ನಮ್ಮ ಮಾನಸಗಂಗೋತ್ರಿಯಲ್ಲೇ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೆ. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಾಲಾ ಮೇಷ್ಟರುಗಳು ಹತ್ತು ತಿಂಗಳು ಕೂತು ಕನ್ನಡ ಕಲಿತು ಹೋಗುತ್ತಾರೆ. ಅವರಿಗೆ ಸಾಧ್ಯ, ಇಲ್ಲೇ ವರ್ಷಗಟ್ಟಲೆ ಸಂಬಳ ತೆಗೆದುಕೊಳ್ಳುವವರಿಗೆ ಅಸಾಧ್ಯವೇ?

‘ಕಂಪ್ಯೂಟರಿನಲ್ಲಿ ಕನ್ನಡ ಕಷ್ಟ.’ ಈ ನೆಪಕ್ಕೆ ಉತ್ತರ ಕೊಡುವ ಹಕ್ಕು ನನಗೇ ಇದೆ. ಒಂದು ಕಾಲದಲ್ಲಿ ಈ ಮಾತು ನಿಜವಾಗಿತ್ತು. ಒಂದು ತಂತ್ರಾಂಶದಲ್ಲಿ ಟೈಪು ಮಾಡಿದ ಕನ್ನಡವನ್ನು ಇನ್ನೊಂದು ಕಂಪ್ಯೂಟರಿಗೆ ಕಳಿಸಿದರೆ, ಅಲ್ಲಿ ಆ ಫಾಂಟು ಇಲ್ಲದಿದ್ದರೆ, ಕಾಗೆ ಕಾಲು ಗುಬ್ಬಿ ಕಾಲಿನಂಥ ಚಿಹ್ನೆಗಳು ಬರುತ್ತಿದ್ದವು. ನಾವು ಅಚ್ಚುಕೂಟದವರು ಅದರಲ್ಲಿ ಬೇಕಾದಷ್ಟು ತಲೆ ಚಚ್ಚಿಕೊಂಡಿದ್ದೇವೆ. ಆದರೆ ಕೆ.ಪಿ. ರಾಯರಂಥವರು ಕನ್ನಡಕ್ಕೆ ಒಪ್ಪುವ ಕೀಲಿಮಣೆ ಮಾಡಿಕೊಟ್ಟರು. 1998ರಲ್ಲಿ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಎಲ್ಲ ಯಂತ್ರಕ್ಕೂ ಒಂದೇ ಸಂಕೇತವಾದ ಯೂನಿಕೋಡ್ ಬಂತು. ಇವತ್ತು ತರಕಾರಿ ಮಾರುವ ಹುಡುಗ ದೇವರಾಜ ಮಾರುಕಟ್ಟೆಯಲ್ಲಿ ನಿಂತು ಫೋನಿನಲ್ಲಿ ಕನ್ನಡ ಒತ್ತುತ್ತಾನೆ. ಒತ್ತಲು ಬರದಿದ್ದರೆ ಬಾಯಲ್ಲಿ ಹೇಳುತ್ತಾನೆ, ಫೋನೇ ಬರೆದುಕೊಳ್ಳುತ್ತದೆ. ಅವನಿಗಿಲ್ಲದ ಕಷ್ಟ ಹವಾನಿಯಂತ್ರಿತ ಕೋಣೆಯ ಪ್ರಿನ್ಸಿಪಾಲರಿಗೆ ಎಲ್ಲಿಂದ ಬಂತು? ಕಷ್ಟ ಬೆರಳಿನದಲ್ಲ, ಮನಸ್ಸಿನದು!

‘ಆಡಳಿತಕ್ಕೆ ಕನ್ನಡದಲ್ಲಿ ಪದಗಳಿಲ್ಲ.’ ಇದು ಎಲ್ಲಕ್ಕಿಂತ ದೊಡ್ಡ ಸುಳ್ಳು. ನಮ್ಮ ಶಿಕ್ಷಣ ಇಲಾಖೆ ನಲವತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳನ್ನು ಕನ್ನಡದಲ್ಲೇ ನಡೆಸುತ್ತಿದೆ. ಸುತ್ತೋಲೆ, ಜ್ಞಾಪನ, ನಡವಳಿ, ಗಳಿಕೆ ರಜೆ, ನಿಯೋಜನೆ, ಬಡ್ತಿ, ಬಟವಾಡೆ... ಪದಗಳಿಗೆ ಬರವೇ? ನಲವತ್ತು ಸಾವಿರ ಶಾಲೆಗೆ ಸಾಕಾದ ಕನ್ನಡ ನಿಮ್ಮ ಅರವತ್ತು ಮೇಷ್ಟರಿಗೆ ಸಾಲದೇ?

ಬೇರೆಯವರು ಹೇಗೆ ಬದುಕುತ್ತಾರೆ?

ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದ ಕಡೆ ನೋಡಿ. ಸುತ್ತ ಇಂಗ್ಲಿಷಿನ ಸಮುದ್ರ, ನಡುವೆ ಫ್ರೆಂಚ್ ಆಡುವ ಜನ. ಅವರು 1977ರಲ್ಲಿ ಫ್ರೆಂಚ್ ಭಾಷೆಯ ಸನ್ನದು ಎಂಬ ಕಾನೂನು ಮಾಡಿಕೊಂಡರು. ಅದರಲ್ಲಿ ಬೋರ್ಡಿನ ಮಾತು ಇದೆ, ಶಾಲೆಯ ಮಾತು ಇದೆ. ಜೊತೆಗೆ, ಕೆಲಸ ಕೊಡುವವನು ತನ್ನ ಸಿಬ್ಬಂದಿಗೆ ಬರೆಯುವ ಪತ್ರ ಫ್ರೆಂಚಿನಲ್ಲಿ ಇರಬೇಕು ಎಂಬ ಮಾತೂ ಇದೆ. ಅವರಿಗೆ 1977ರಲ್ಲೇ ತಿಳಿದಿತ್ತು, ಭಾಷೆ ಬದುಕುವುದು ಅಂಗಡಿಯ ನೆತ್ತಿಯ ಮೇಲಲ್ಲ, ಅನ್ನ ದುಡಿಯುವ ಜಾಗದಲ್ಲಿ ಎಂದು.

ಅಷ್ಟು ದೂರ ಯಾಕೆ? ದೆಹಲಿಯನ್ನೇ ನೋಡಿ. 1963ರ ಅಧಿಕೃತ ಭಾಷಾ ಅಧಿನಿಯಮದ 3(3)ನೇ ವಿಧಿಯ ಪ್ರಕಾರ ಕೇಂದ್ರ ಸರ್ಕಾರದ ಸಾಮಾನ್ಯ ಆದೇಶ, ಅಧಿಸೂಚನೆಗಳು ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲೂ ಹೊರಡಲೇಬೇಕು. ಹಿಂದಿಗೆ ಎರಡು ಭಾಷೆಯ ಪತ್ರ ಸಾಧ್ಯ, ಕನ್ನಡಕ್ಕೆ ಅಸಾಧ್ಯವಂತೆ! ಅದೇ 1963ರಲ್ಲಿ ನಮ್ಮ ರಾಜ್ಯವೂ ರಾಜಭಾಷಾ ಅಧಿನಿಯಮ ಮಾಡಿತು. ಅರವತ್ತು ವರ್ಷ ದಾಟಿತು. ರಾಜಭಾಷೆಯನ್ನು ಸಿಂಹಾಸನದ ಮೇಲೆ ಕೂರಿಸಿ ಹೂವು ಹಾಕಿದೆವು, ಮನೆಯೊಳಗಿನ ಮಾತುಕತೆಗೆ ಕರೆಯಲಿಲ್ಲ.

ಕುವೆಂಪು ಅವರು 1956ರಿಂದ 1960ರವರೆಗೆ ಇದೇ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಕನ್ನಡದಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂದು ಹಟ ಹಿಡಿದು ನಿಂತರು. ಅವರು ಕಟ್ಟಿ ಹೆಸರಿಟ್ಟ ಮಾನಸಗಂಗೋತ್ರಿಯ ಊರಿನಲ್ಲಿ ಒಂದು ರಜೆ ಚೀಟಿ ಕನ್ನಡದಲ್ಲಿ ಬರೆದರೆ ನಗುತ್ತಾರೆಂದರೆ, ನಾಚಿಕೆ ಯಾರಿಗಾಗಬೇಕು?

ನಮ್ಮ ಬೇಡಿಕೆ

ಬೇಡಿಕೆ ದೊಡ್ಡದೇನೂ ಅಲ್ಲ. ಸಿಬ್ಬಂದಿಗೆಲ್ಲ ಹೋಗುವ ಪ್ರತಿ ಇಮೇಲ್, ಪ್ರತಿ ಸುತ್ತೋಲೆ ಕನ್ನಡದಲ್ಲೂ ಇರಲಿ. ಸಂಬಳ, ರಜೆ, ಶಿಸ್ತುಕ್ರಮದ ಪತ್ರಗಳಲ್ಲಿ ಕನ್ನಡವೇ ಮೊದಲು ಇರಲಿ. ಕನ್ನಡದಲ್ಲಿ ಬರೆದ ಉತ್ತರಕ್ಕೆ ಇಂಗ್ಲಿಷಿನ ಉತ್ತರದಷ್ಟೇ ಬೆಲೆ ಇದೆಯೆಂದು ಆಡಳಿತ ಮಂಡಳಿ ಬರೆದು ತಿಳಿಸಲಿ. ‘ಮೌನವೇ ಒಪ್ಪಿಗೆ’ ಎಂಬ ಕುತಂತ್ರ ನಿಲ್ಲಲಿ. ಯಂತ್ರ ಮಾಡಿದ ಕುಲಗೆಟ್ಟ ಅನುವಾದ ಅಂಟಿಸಿ ಕೈ ತೊಳೆದುಕೊಳ್ಳುವುದು ಬೇಡ. ಕನ್ನಡ ಮೇಷ್ಟರಿಂದ ಬರೆಸಿ, ಆ ಕೆಲಸಕ್ಕೆ ಕೂಲಿಯನ್ನೂ ಕೊಡಿ. ಸರ್ಕಾರವೂ ಕಣ್ಣು ತೆರೆಯಲಿ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಕೈಯಲ್ಲಿದೆ, ಕನ್ನಡ ಅಭಿವೃದ್ಧಿ ಪ್ರಾಧಿಕಾರ ಇದೆ. ಬೋರ್ಡಿನ ಅಕ್ಷರ ಅಳೆಯುವ ಟೇಪನ್ನು ಸ್ವಲ್ಪ ಸ್ಟಾಫ್ ರೂಮಿನ ಒಳಕ್ಕೂ ತರಲಿ.

ತರುಣರೇ, ನಿಮ್ಮಲ್ಲಿ ಕೆಲವರು ಇಂಥ ಶಾಲೆಗಳಲ್ಲಿ ಓದಿದವರು, ಕೆಲವರು ಈಗ ಅಲ್ಲೇ ಮೇಷ್ಟರಾಗಿರುವವರು, ಕೆಲವರ ಅಕ್ಕ ತಂಗಿಯರು ಅಲ್ಲಿ ದುಡಿಯುತ್ತಿರುವವರು. ಒಬ್ಬರೇ ಬರೆದರೆ ನಗುತ್ತಾರೆ, ನಿಜ. ಹತ್ತು ಜನ ಒಂದೇ ದಿನ ಕನ್ನಡದಲ್ಲಿ ಉತ್ತರ ಬರೆಯಿರಿ, ಆಗ ಯಾರು ನಗುತ್ತಾರೆ ನೋಡೋಣ! ಹಳೆಯ ವಿದ್ಯಾರ್ಥಿಗಳು ನಿಮ್ಮ ಶಾಲೆಗೆ ಕನ್ನಡದಲ್ಲಿ ಒಂದು ಪತ್ರ ಬರೆದು, ‘ನಮ್ಮ ಕನ್ನಡ ಮೇಷ್ಟರಿಗೆ ನೀವು ಯಾವ ಭಾಷೆಯಲ್ಲಿ ಬರೆಯುತ್ತೀರಿ?’ ಎಂದು ಕೇಳಿ.

ಬೋರ್ಡಿಗೆ ಮಸಿ ಬಳಿಯುವುದು ಅರ್ಧ ಗಂಟೆಯ ಕೆಲಸ, ಮಾರನೆಯ ದಿನ ಪೇಂಟರು ಬಂದು ಒರೆಸುತ್ತಾನೆ. ನಾನು ಮಸಿಯಿಂದಲೇ ಅನ್ನ ತಿನ್ನುವವನು, ಅದರ ಮರ್ಮ ಬಲ್ಲೆ. ಮಸಿ ಇರುವುದು ಬರೆಯಲಿಕ್ಕೆ. ಬರೆಯಿರಿ, ಕನ್ನಡದಲ್ಲಿ ಬರೆಯಿರಿ, ಎಲ್ಲರಿಗೂ ಕಾಣುವಂತೆ ಬರೆಯಿರಿ!

ಕನ್ನಡ ಬಾಳಲಿ, ಕನ್ನಡಿಗರ ಬಾಯಿ ತೆರೆಯಲಿ!