ಕುಡಿತದ ಬಗ್ಗೆ ಡಾಕ್ಟರು ಕೇಳಿದರೆ ನಿಜ ಹೇಳಿ

ಹಲವು ವರ್ಷಗಳ ಹಿಂದಿನ ಮಾತು. ಪ್ರೌಢಶಾಲೆಯ ಮೇಷ್ಟ್ರೊಬ್ಬರು ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ನರ್ಸಿಂಗ್ ಹೋಮ್ ಸೇರಿದ್ದರು. ಐವತ್ತರ ಆಸುಪಾಸಿನ ವಯಸ್ಸು, ಹಣೆಯಲ್ಲಿ ವಿಭೂತಿ, ಮೆದು ಮಾತು. ಶಸ್ತ್ರಚಿಕಿತ್ಸೆಗೆ ಮುನ್ನ ಅವರನ್ನು ಪರೀಕ್ಷಿಸುವ ಕೆಲಸ ನನ್ನದಾಗಿತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಸ್ತಮಾ ಎಲ್ಲವನ್ನೂ ವಿಚಾರಿಸಿದೆ. ಕೇಸ್ ಶೀಟಿನಲ್ಲಿ ‘ಅಭ್ಯಾಸಗಳು’ ಎಂಬಲ್ಲಿ ಮಾತ್ರ ಕೇಳದೆಯೇ ‘ಏನೂ ಇಲ್ಲ’ ಎಂದು ಬರೆದುಬಿಟ್ಟೆ. ಮೇಷ್ಟ್ರನ್ನು ಅಂಥ ಪ್ರಶ್ನೆ ಕೇಳುವುದು ಹೇಗೆ ಎಂಬ ಸಂಕೋಚ.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಎರಡನೇ ದಿನ ಅವರ ಕೈ ನಡುಗತೊಡಗಿತು. ನಿತ್ರಾಣವಿರಬೇಕು ಎಂದುಕೊಂಡರು. ಮೂರನೇ ರಾತ್ರಿ ಮೈಯೆಲ್ಲ ಬೆವರು, ಎದೆ ಡವಡವ. ಹಾಸಿಗೆಯ ಮೇಲೆ ಇರುವೆಗಳು ಹರಿಯುತ್ತಿವೆ ಎಂದು ಕೈಯಿಂದ ಗುಡಿಸತೊಡಗಿದರು. ಡ್ರಿಪ್ ಕಿತ್ತೆಸೆದು ಎದ್ದು ಓಡಲು ಹೋಗಿ ಹೊಲಿಗೆ ಬಿಚ್ಚಿಕೊಂಡಿತು. ಅರಿವಳಿಕೆ ಮದ್ದು ತಲೆಗೇರಿದೆ ಎಂದು ಮಗ ರೇಗಿದ. ಗಾಳಿ ಸೋಕಿದೆ ಎಂದರು ಬಂಧುಗಳೊಬ್ಬರು. ಆಗ ಅವರ ಹೆಂಡತಿ ನನ್ನನ್ನು ವರಾಂಡಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: “ಡಾಕ್ಟ್ರೇ, ಇವರು ದಿನಾ ರಾತ್ರಿ ತಗೋತಾರೆ. ಹನ್ನೆರಡು ವರ್ಷ ಆಯ್ತು. ದಯವಿಟ್ಟು ಯಾರಿಗೂ ಹೇಳಬೇಡಿ.”

ನಿತ್ಯ ಮದ್ಯಕ್ಕೆ ಒಗ್ಗಿಹೋದ ಮಿದುಳಿಗೆ ಅದು ಥಟ್ಟನೆ ಸಿಗದೆ ಹೋದಾಗ ಆಗುವ ಪ್ರಕೋಪ ಇದು. ವೈದ್ಯಕೀಯದಲ್ಲಿ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಕ್ಕೇ ಸಂಚಕಾರ. ಮೇಷ್ಟ್ರು ಬದುಕಿದರು. ಆದರೆ ಮತ್ತೊಮ್ಮೆ ಹೊಲಿಗೆ ಹಾಕಬೇಕಾಯಿತು, ಹದಿನೈದು ದಿನ ಹೆಚ್ಚಿಗೆ ಮಲಗಬೇಕಾಯಿತು. ಮನೆಯವರು ಹೇಳಲಿಲ್ಲ, ನಾನು ಕೇಳಲಿಲ್ಲ. ಇಬ್ಬರ ಸಂಕೋಚಕ್ಕೆ ದಂಡ ತೆತ್ತವರು ರೋಗಿ. ಈ ವಾರ ಈ ವಿಷಯ ಬರೆಯಲು ಅದೇ ಕಾರಣ.

ಏಕೆ ಹೆದರಿಕೆ?

ಕುಡಿತ ಅಥವಾ ಮಾದಕ ವಸ್ತುವಿನ ಚಟವಿರುವವರನ್ನು ತಪಾಸಣೆಗೆ ಕರೆತನ್ನಿ ಎಂದರೆ ಮನೆಮಂದಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅಲ್ಲಿ ಕೂಡಿಹಾಕುತ್ತಾರೆಯೇ? ಕರೆಂಟ್ ಕೊಡುತ್ತಾರೆಯೇ? ಪೊಲೀಸರಿಗೆ ತಿಳಿಸುತ್ತಾರೆಯೇ? ನಾಳೆ ಮಗಳ ಮದುವೆಗೆ ಅಡ್ಡಿಯಾದೀತೇ? ಈ ಭಯದಲ್ಲೇ ವರ್ಷಗಳು ಕಳೆದುಹೋಗುತ್ತವೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಮದ್ಯದ ದಾಸರಾದ ಪ್ರತಿ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿದೆ. ಉಳಿದ 37 ಮಂದಿಯ ಮನೆಗಳಲ್ಲಿ ಇದು ಊರಿಗೆಲ್ಲ ಗೊತ್ತಿರುವ ಗುಟ್ಟು.

ನಿಜವಾಗಿ ತಪಾಸಣೆಯಲ್ಲಿ ನಡೆಯುವುದು ಇಷ್ಟೇ: ಮಾತುಕತೆ, ದೇಹ ಪರೀಕ್ಷೆ, ಕೆಲವು ರಕ್ತ ಪರೀಕ್ಷೆ, ಮುಂದೇನು ಎಂಬ ಸಲಹೆ. ಇದಕ್ಕೆ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯಬಹುದು. ಬಹುಪಾಲು ಮಂದಿ ಅಂದೇ ಮನೆಗೆ ಹಿಂತಿರುಗುತ್ತಾರೆ.

ಏನೇನು ಕೇಳುತ್ತಾರೆ?

ಮೊದಲು ವೈದ್ಯರು ರೋಗಿಯೊಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತಾರೆ. ಯಾವ ವಯಸ್ಸಿನಲ್ಲಿ ಶುರುವಾಯಿತು, ಈಗ ಏನು, ಎಷ್ಟು, ವಾರಕ್ಕೆ ಎಷ್ಟು ದಿನ, ಕೊನೆಯದಾಗಿ ತೆಗೆದುಕೊಂಡದ್ದು ಯಾವಾಗ ಎಂದು ವಿಚಾರಿಸುತ್ತಾರೆ. ಹಿಂದೆ ಬಿಟ್ಟಾಗ ನಡುಕ, ಫಿಟ್ಸ್, ಭ್ರಮೆ ಬಂದಿತ್ತೇ ಎಂಬುದು ಬಹಳ ಮುಖ್ಯವಾದ ಪ್ರಶ್ನೆ. ಬೀಡಿ, ಸಿಗರೇಟು, ಗುಟ್ಕಾ, ಗಾಂಜಾ, ನಿದ್ರೆ ಮಾತ್ರೆ, ನೋವಿನ ಮಾತ್ರೆ, ಕೆಮ್ಮಿನ ಸಿರಪ್ ಇವುಗಳ ಬಗ್ಗೆಯೂ ಕೇಳುತ್ತಾರೆ. ಹುಡುಗರಾದರೆ ವೈಟ್‌ನರ್, ಪೆಟ್ರೋಲ್ ಮೂಸುವ ಅಭ್ಯಾಸವನ್ನೂ ವಿಚಾರಿಸುತ್ತಾರೆ.

‘ಎಷ್ಟು’ ಎಂಬುದಕ್ಕೆ ‘ಸ್ವಲ್ಪ’ ಎಂದರೆ ಉತ್ತರವಾಗುವುದಿಲ್ಲ. ವೈದ್ಯರು ಇದನ್ನು ಯೂನಿಟ್ ಲೆಕ್ಕಕ್ಕೆ ಇಳಿಸುತ್ತಾರೆ. ಒಂದು ಯೂನಿಟ್ ಎಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. 30 ಮಿಲಿಲೀಟರ್ ವಿಸ್ಕಿ, ಬ್ರಾಂದಿ ಅಥವಾ ರಮ್ಮಿನಲ್ಲಿ ಅಷ್ಟಿರುತ್ತದೆ. ಅಂದರೆ ಒಂದು ‘ನೈಂಟಿ’ಗೆ 3 ಯೂನಿಟ್, 180 ಮಿಲಿಲೀಟರಿನ ಕ್ವಾರ್ಟರಿಗೆ 6 ಯೂನಿಟ್. “ನಾನು ಬರೀ ಬಿಯರ್ ಡಾಕ್ಟ್ರೇ” ಎನ್ನುವವರಿದ್ದಾರೆ. ಶೇಕಡಾ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 4 ಯೂನಿಟ್ ಇರುತ್ತದೆ. ‘ಬರೀ ಬಿಯರ್’ ಎರಡು ಬಾಟಲಿಯಾದರೆ ಕ್ವಾರ್ಟರನ್ನು ಮೀರಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ 10 ಪ್ರಶ್ನೆಗಳ ಪಟ್ಟಿಯನ್ನೂ ಬಳಸುವುದುಂಟು. ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕುಡಿತ ಅಪಾಯದ ಹಾದಿಯಲ್ಲಿದೆ ಎಂದರ್ಥ. 20 ದಾಟಿದರೆ ಅದು ದಾಸ್ಯಕ್ಕೆ ತಿರುಗಿರಬಹುದು, ವಿವರವಾದ ತಪಾಸಣೆ ಬೇಕು. ಇದಕ್ಕಿಂತ ಚಿಕ್ಕದಾದ, ನಾಲ್ಕೇ ಪ್ರಶ್ನೆಗಳ ಪರೀಕ್ಷೆಯೂ ಒಂದಿದೆ. ಅದರ ಸಾರ ಹೀಗಿದೆ. ಕಡಿಮೆ ಮಾಡಬೇಕೆಂದು ಎಂದಾದರೂ ಅನ್ನಿಸಿದೆಯೇ? ಯಾರಾದರೂ ಕುಡಿತದ ಬಗ್ಗೆ ಆಡಿಕೊಂಡಾಗ ಸಿಟ್ಟು ಬಂದಿದೆಯೇ? ತಪ್ಪು ಮಾಡುತ್ತಿದ್ದೇನೆ ಎಂದು ಮನಸ್ಸು ಚುಚ್ಚಿದೆಯೇ? ಬೆಳಿಗ್ಗೆ ಎದ್ದ ಕೂಡಲೇ ನಡುಕ ನಿಲ್ಲಿಸಲು ಬೇಕೆನಿಸಿದೆಯೇ? ಎರಡಕ್ಕೆ ‘ಹೌದು’ ಎಂದರೂ ವೈದ್ಯರನ್ನು ಕಾಣುವುದು ಒಳ್ಳೆಯದು. ಈ ಪತ್ರಿಕೆ ಮಡಿಸುವ ಮುನ್ನ ನೀವೇ ಒಮ್ಮೆ ಕೇಳಿಕೊಳ್ಳಿ.

ನಿದ್ರೆ, ಬೇಸರ, ಹಣದ ತೊಂದರೆ, ಕೆಲಸದ ಒತ್ತಡದ ಬಗ್ಗೆಯೂ ಮಾತು ಬರುತ್ತದೆ. ಸಾಯಬೇಕೆನಿಸಿದೆಯೇ ಎಂದೂ ಕೇಳುತ್ತಾರೆ. ಕೇಳಿದರೆ ಆ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಬೇಡ. ಎಷ್ಟೋ ಜನರಿಗೆ ಹೇಳಿಕೊಂಡ ಮೇಲೆಯೇ ಎದೆಯ ಭಾರ ಇಳಿಯುತ್ತದೆ.

ರಕ್ತ, ಮೂತ್ರ ಏನು ಹೇಳುತ್ತವೆ?

ನಾಡಿ, ರಕ್ತದೊತ್ತಡ, ಕೈನಡುಕ, ಕಣ್ಣಿನ ಹಳದಿ, ಹೊಟ್ಟೆಯ ಬಾವು, ಕಾಲಿನ ನರಗಳ ಶಕ್ತಿ ನೋಡುತ್ತಾರೆ. ರಕ್ತದಲ್ಲಿ ಲಿವರಿನ ಸ್ಥಿತಿ, ಸಕ್ಕರೆ, ರಕ್ತಕಣಗಳ ಗಾತ್ರ ಪರೀಕ್ಷಿಸುತ್ತಾರೆ. ಅಗತ್ಯವಿದ್ದರೆ ಹೊಟ್ಟೆಯ ಸ್ಕ್ಯಾನಿಂಗ್. ಒಂದು ಎಚ್ಚರಿಕೆ: ರಿಪೋರ್ಟ್ ಎಲ್ಲ ‘ನಾರ್ಮಲ್’ ಬಂತೆಂದು ಕುಡಿತಕ್ಕೆ ಪರವಾನಗಿ ಸಿಕ್ಕಂತಲ್ಲ. ಲಿವರ್ ಬಹುಕಾಲ ತಾಳಿಕೊಳ್ಳುವ ಅಂಗ. ಅದು ದೂರು ಕೊಡುವಷ್ಟರಲ್ಲಿ ಹಾನಿ ಸಾಕಷ್ಟು ಆಗಿರುತ್ತದೆ.

ಮಾದಕ ವಸ್ತುಗಳಿಗೆ ಮೂತ್ರ ಪರೀಕ್ಷೆ ಇದೆ. ಗಾಂಜಾ ಅಪರೂಪಕ್ಕೆ ಸೇದಿದವರಲ್ಲಿ ಕೆಲವೇ ದಿನ, ನಿತ್ಯ ಸೇದುವವರಲ್ಲಿ ಕೆಲವು ವಾರಗಳವರೆಗೂ ಕಾಣಿಸಬಹುದು. ಕೆಲವು ಔಷಧಿಗಳಿಂದ ತಪ್ಪು ಫಲಿತಾಂಶ ಬರುವುದೂ ಉಂಟು; ಆದ್ದರಿಂದ ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ. ಈ ಪರೀಕ್ಷೆ ವಸ್ತು ದೇಹದಲ್ಲಿತ್ತು ಎನ್ನುತ್ತದೆಯೇ ಹೊರತು ಆ ವ್ಯಕ್ತಿ ಅದಕ್ಕೆ ದಾಸನಾಗಿದ್ದಾನೆ ಎನ್ನುವುದಿಲ್ಲ. ಮಗನ ಮೇಲೆ ಅನುಮಾನ ಬಂದೊಡನೆ ಔಷಧಿ ಅಂಗಡಿಯಿಂದ ಕಿಟ್ ತಂದು ಬಚ್ಚಲುಮನೆಯ ಮುಂದೆ ಕಾವಲು ನಿಲ್ಲುವ ತಂದೆತಾಯಿಗಳಿಗೆ ನನ್ನ ವಿನಂತಿ: ಮೊದಲು ಮಾತಾಡಿ, ಪರೀಕ್ಷೆಯನ್ನು ವೈದ್ಯರಿಗೆ ಬಿಡಿ.

ಮನೆಯವರು ಮಾಡಬೇಕಾದ್ದು, ಮಾಡಬಾರದ್ದು

ರೋಗಿಯ ಮಾತು ಮುಗಿದ ಮೇಲೆ, ಅವರ ಒಪ್ಪಿಗೆ ಪಡೆದು ಮನೆಯವರನ್ನು ಒಳಗೆ ಕರೆಯುತ್ತಾರೆ. ಇಲ್ಲಿಯೇ ಎಡವಟ್ಟಾಗುವುದು. ಇಪ್ಪತ್ತು ವರ್ಷದ ಸಿಟ್ಟೆಲ್ಲ ಡಾಕ್ಟರ ಮೇಜಿನ ಮೇಲೆ ಸುರಿಯುತ್ತದೆ. ಸಿಟ್ಟು ಸಹಜ, ನೋವು ನಿಜ. ಆದರೆ ತಪಾಸಣೆಯ ಕೋಣೆಯನ್ನು ಪಂಚಾಯ್ತಿ ಕಟ್ಟೆ ಮಾಡಿದರೆ ರೋಗಿ ಮತ್ತೆ ಆ ಬಾಗಿಲು ತುಳಿಯುವುದಿಲ್ಲ. ಮನೆಯವರಿಂದ ವೈದ್ಯರಿಗೆ ಬೇಕಾದದ್ದು ನಿಖರ ವಿವರ: ಎಷ್ಟು ಕುಡಿಯುತ್ತಾರೆ, ಎಂದಿನಿಂದ, ಬಿದ್ದು ತಲೆಗೆ ಪೆಟ್ಟಾಗಿದೆಯೇ, ಫಿಟ್ಸ್ ಬಂದಿತ್ತೇ, ಊಟ ಸೇರುತ್ತದೆಯೇ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಹೆಂಡತಿ ಮಕ್ಕಳ ಸುರಕ್ಷತೆಯೂ ತಪಾಸಣೆಯ ಭಾಗವೇ.

ಇನ್ನು ಮಾಡಬಾರದ್ದು. ಮೊದಲನೆಯದು, ನಿತ್ಯ ಹೆಚ್ಚು ಕುಡಿಯುವವರನ್ನು ಆಣೆ ಹಾಕಿಸಿ, ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದು. ಕೊನೆಯ ಕುಡಿತದ 6ರಿಂದ 8 ಗಂಟೆಯೊಳಗೆ ನಡುಕ ಶುರುವಾಗಬಹುದು, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ನಡುವೆ ಮೇಷ್ಟ್ರಿಗಾದಂತೆ ಬುದ್ಧಿಭ್ರಮಣೆ ಆಗಬಹುದು. ಬಿಡಬೇಕು, ಸಂಶಯವಿಲ್ಲ, ಆದರೆ ವೈದ್ಯರ ಕಣ್ಗಾವಲಿನಲ್ಲಿ, ಔಷಧಿಯ ಆಸರೆಯಲ್ಲಿ. ಎರಡನೆಯದು, “ನಿತ್ರಾಣ ಆಗಿದ್ದಾರೆ, ಒಂದು ಗ್ಲೂಕೋಸ್ ಹಾಕಿಬಿಡಿ” ಎಂಬ ಒತ್ತಾಯ. ಬಹುಕಾಲ ಕುಡಿದವರ ದೇಹದಲ್ಲಿ ಥಯಮಿನ್ ಅಂದರೆ ಬಿ-1 ಜೀವಸತ್ವ ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಕುಡಿತದ ವಿಷಯ ಮುಚ್ಚಿಟ್ಟರೆ ವೈದ್ಯರಿಗೆ ಈ ಎಚ್ಚರ ಹೇಗೆ ಬರಬೇಕು?

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ‘ಕುಡಿಯುವವರಿಗೆ ತಿಳಿಯದಂತೆ ಕಾಫಿಯಲ್ಲಿ, ಸಾರಿನಲ್ಲಿ ಬೆರೆಸಿಕೊಡಿ’ ಎಂಬ ಜಾಹೀರಾತುಗಳನ್ನು ನೀವು ನೋಡಿರುತ್ತೀರಿ. ಆ ಪುಡಿಯಲ್ಲಿ ಏನಿದೆಯೋ ದೇವರೇ ಬಲ್ಲ. ಡೈಸಲ್ಫಿರಾಂ ಎಂಬ ಮಾತ್ರೆಯನ್ನು ಹೀಗೆ ಕದ್ದು ಕೊಡುವವರೂ ಇದ್ದಾರೆ. ಆ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಸಾವೂ ಬರಬಹುದು. ಲಿವರ್, ಹೃದಯ ಪರೀಕ್ಷಿಸಿ, ರೋಗಿಗೆ ವಿವರಿಸಿ, ಒಪ್ಪಿಗೆ ಪಡೆದು ಕೊಡಬೇಕಾದ ಔಷಧಿ ಅದು. ಪ್ರೀತಿಯಿಂದಲೇ ಮಾಡಿದರೂ ಕದ್ದು ಕೊಟ್ಟದ್ದು ಔಷಧಿಯಾಗುವುದಿಲ್ಲ.

ಗುಟ್ಟು ಉಳಿಯುತ್ತದೆಯೇ?

ಉಳಿಯಬೇಕು, ಅದು ಕಾನೂನು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಮದ್ಯ ಹಾಗೂ ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳನ್ನೂ ಕಾಯಿಲೆಯೆಂದೇ ಪರಿಗಣಿಸಿ, ರೋಗಿಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕು ಕೊಟ್ಟಿದೆ. ಪ್ರಾಣಾಪಾಯದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಇದಕ್ಕೆ ವಿನಾಯಿತಿ. ಮಾದಕ ವಸ್ತುಗಳ ಕುರಿತ 1985ರ ಕಾಯ್ದೆಯಲ್ಲೂ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪೂರೈಸಿದರೆ ಶಿಕ್ಷೆಯ ಕ್ರಮದಿಂದ ರಕ್ಷಣೆ ಇದೆ. ಆಸ್ಪತ್ರೆಯ ಬಾಗಿಲಿಗೆ ಬಂದವರನ್ನು ಕಾನೂನು ರೋಗಿಯಂತೆ ಕಾಣಲು ಸಿದ್ಧವಿರುವಾಗ ನಾವೇಕೆ ಅಪರಾಧಿಯಂತೆ ಕಾಣಬೇಕು?

ಎಲ್ಲಿಗೆ ಹೋಗುವುದು?

ಮೊದಲು ನಿಮ್ಮ ಮನೆಯ ವೈದ್ಯರ ಬಳಿಗೇ. ಅಪಾಯದ ಅಂಚಿನಲ್ಲಿರುವ ಅನೇಕರಿಗೆ ಹತ್ತು ನಿಮಿಷದ ತಿಳಿಹೇಳುವಿಕೆ, ತಿಂಗಳಿಗೊಮ್ಮೆ ಭೇಟಿ ಸಾಕಾಗಬಹುದು. ದಾಸ್ಯ ಗಟ್ಟಿಯಾಗಿದ್ದರೆ ಮನೋವೈದ್ಯರು ಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಆದ್ದರಿಂದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಧಾರವಾಡದ ಡಿಮ್ಹಾನ್ಸ್ ಉತ್ತರ ಕರ್ನಾಟಕದವರಿಗೆ ಹತ್ತಿರ. ಫೋನಿನಲ್ಲಿ ಸಲಹೆ ಬೇಕಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416, ವ್ಯಸನಮುಕ್ತಿ ಸಹಾಯವಾಣಿ 14446 ಇವೆ. ಎರಡೂ ಉಚಿತ.

ತಪಾಸಣೆಗೆ ಹೋಗುವ ದಿನ ಹಳೆಯ ರಿಪೋರ್ಟುಗಳನ್ನೂ ಮಾತ್ರೆ ಚೀಟಿಗಳನ್ನೂ ತೆಗೆದುಕೊಂಡು ಹೋಗಿ. ಮನೆಯ ಎಲ್ಲರೂ ಮೆರವಣಿಗೆ ಹೊರಡಬೇಡಿ. ರೋಗಿಗೆ ನಂಬಿಕೆಯಿರುವ ಒಬ್ಬರು ಸಾಕು. ಹೊಟ್ಟೆನೋವಿಗೆ ತೋರಿಸೋಣ ಎಂದು ಸುಳ್ಳು ಹೇಳಿ ಕರೆತರಬೇಡಿ. ಹೆಣ್ಣುಮಕ್ಕಳಿಗೂ ಈ ತೊಂದರೆ ಇರುತ್ತದೆ. ಅವರನ್ನು ಇನ್ನೂ ಆಳದಲ್ಲಿ ಬಚ್ಚಿಡುತ್ತೇವೆ, ಹಾಗೆ ಮಾಡಬೇಡಿ. ಒಂದೇ ಭೇಟಿಗೆ ಎಲ್ಲ ಸರಿಹೋಗುತ್ತದೆಂದೂ ನಿರೀಕ್ಷಿಸಬೇಡಿ. ಬಿಟ್ಟವರು ಮತ್ತೆ ಜಾರುವುದುಂಟು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದರೆ ನಾವು ಚಿಕಿತ್ಸೆ ನಿಲ್ಲಿಸುತ್ತೇವೆಯೇ?

ನನ್ನ ವೃತ್ತಿಬಾಂಧವರಿಗೂ ಒಂದು ಮಾತು. ಉಪ್ಪು, ಸಕ್ಕರೆಯ ಬಗ್ಗೆ ಕೇಳುವಷ್ಟೇ ಸಹಜವಾಗಿ ಕುಡಿತದ ಬಗ್ಗೆಯೂ ಪ್ರತಿಯೊಬ್ಬರನ್ನೂ ಕೇಳೋಣ. ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ದೊಡ್ಡ ಹುದ್ದೆ ನೋಡಿ ನಾವೇ ಉತ್ತರ ಬರೆದುಕೊಳ್ಳುವುದು ಬೇಡ.

ಮೇಷ್ಟ್ರು ಆಸ್ಪತ್ರೆಯಿಂದ ಹೊರಟ ದಿನ ನನ್ನ ಮುಂದೆ ಕುಳಿತು, “ನೀವು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ, ಯಾರೂ ಕೇಳಲೇ ಇಲ್ಲ” ಎಂದರು. ಅಂದಿನಿಂದ ನಾನು ಎಲ್ಲರನ್ನೂ ಕೇಳುತ್ತೇನೆ. ನಿಮ್ಮನ್ನೂ ನಿಮ್ಮ ಡಾಕ್ಟರು ಕೇಳಿದರೆ ಬೇಸರಿಸಬೇಡಿ. ಅವರು ಕೇಳದಿದ್ದರೆ ನೀವೇ ಹೇಳಿ.