ಸೂಜಿ ಮದ್ದು, ಬೇರಿನ ಮದ್ದು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೂ, ಗೌರಿಬಿದನೂರು, ಚಿಂತಾಮಣಿಗಳ ಹೊಲಗೆಲಸದವರಿಗೂ ಬೆನ್ನುನೋವು, ಮಂಡಿನೋವು ಹೊಸತಲ್ಲ. ಅದಕ್ಕೆ ಅಕ್ಯುಪಂಕ್ಚರ್ ಎಂಬ ಚೀನೀ ಸೂಜಿ ಚಿಕಿತ್ಸೆ ಪಡೆಯುವುದು ವಿಶ್ವಾಸಕ್ಕೆ ವಿರುದ್ಧವೇ ಎಂದು ಕೇಳುವವರಿಗೆ ನಾವು ಹೇಳುವುದಿಷ್ಟೆ: ರೇಷ್ಮೆಯೂ ಚೀನಾದಿಂದಲೇ ಬಂದುದು, ಮದ್ದನ್ನು ಅದರ ಹುಟ್ಟೂರಿನಿಂದ ಅಳೆಯಲಾಗದು. ಡಾ. ಕೋಟ್ನಿಸರೊಡನೆ 1938ರಲ್ಲಿ ಚೀನಾಕ್ಕೆ ತೆರಳಿದ್ದ ಡಾ. ಬಿ.ಕೆ. ಬಸು ಅವರೇ 1959ರಲ್ಲಿ ಈ ವಿದ್ಯೆಯನ್ನು ಕಲ್ಕತ್ತಕ್ಕೆ ತಂದರು. ಹಳೆಯ ನೋವುಗಳಲ್ಲಿ ಅದು ಕೆಲವರಿಗೆ ತುಸು ಉಪಶಮನ ನೀಡೀತು. (ಸೂಜಿಯ ನಂತರ ಇಳಿದ ನೋವೆಲ್ಲ ಸೂಜಿಯಿಂದಲೇ ಇಳಿಯಿತೆಂಬುದನ್ನು ತರ್ಕಶಾಸ್ತ್ರ ಒಪ್ಪದು.) ಆದರೆ ಕ್ಷಯದ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಬಿಡಿಸುವವನ ಬಳಿ ಸುಳಿಯಬಾರದು, ಸೂಜಿಯೂ ಪ್ರತಿಯೊಬ್ಬರಿಗೂ ಹೊಸದಾಗಿರಬೇಕು.

ಗಿಡಮೂಲಿಕೆಗಳ ವಿಷಯದಲ್ಲಿ ನಮ್ಮ ಕಳವಳ ಇನ್ನೂ ಹೆಚ್ಚಿನದು. ಚೀನೀ ಮೂಲಿಕೆಯೊಂದರಿಂದ ಮಲೇರಿಯಾದ ಮದ್ದಾದ ಆರ್ಟೆಮಿಸಿನಿನ್ ಅನ್ನು ಕಂಡುಹಿಡಿದುದಕ್ಕಾಗಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು, ನಿಜ. ಆದರೆ 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಮೈ ಕರಗಿಸಲೆಂದು ಚೀನೀ ಮೂಲಿಕೆಗಳನ್ನು ಸೇವಿಸಿದ ಹಲವು ಸ್ತ್ರೀಯರ ಮೂತ್ರಪಿಂಡಗಳೇ ಕೆಟ್ಟುಹೋದವು. ಅವುಗಳಲ್ಲಿ ಬೆರೆತಿದ್ದ ಅರಿಸ್ಟೊಲೋಕಿಯಾ ನಮ್ಮ ಈಶ್ವರಿ ಬೇರಿನ ಕುಲದ್ದೇ! ಬೇರೆಂದ ಮಾತ್ರಕ್ಕೆ ನಿರಪಾಯವೆಂದು ನಂಬುವ ಮನೆಗಳು ಚಿಕ್ಕಬಳ್ಳಾಪುರದ ಸುತ್ತಲೂ ಇವೆ. ಪೊಟ್ಟಣದಲ್ಲಿ ಏನೇನಿದೆಯೆಂದು ಹೇಳಲಾರದವನಿಂದ, ಎಷ್ಟೇ ಅಗ್ಗವಾಗಿದ್ದರೂ, ಕೊಳ್ಳದಿರಿ.