ಹೆಣ್ಣುಮಕ್ಕಳೂ ಶಕ್ತಿಯ ಅರ್ಥಶಾಸ್ತ್ರವೂ

ಪ್ರೌಢಶಾಲೆಯನ್ನು ಮುಗಿಸಿದ ಹುಡುಗಿಗೆ ಮುಂದೇನು ಎಂಬ ಪ್ರಶ್ನೆ ಬಂದಾಗ, ನಮ್ಮ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಗಳಲ್ಲಿ ವೈದ್ಯ, ಇಂಜಿನಿಯರಿಂಗು ಎಂಬೆರಡೇ ಮಾತುಗಳು ಕೇಳಿಬರುವುದು ವಾಡಿಕೆ. ಅರ್ಥಶಾಸ್ತ್ರವು ಬೇರೆಲ್ಲಿಯೂ ಸ್ಥಳ ದೊರೆಯದವರ ಆಶ್ರಯವೆಂಬ ತಾತ್ಸಾರವುಂಟು. ಇದು ಸರಿಯಲ್ಲವೆಂದು ಪೋಷಕರಲ್ಲಿ ಅರಿಕೆಮಾಡುವುದೇ ಈ ಲೇಖನದ ಉದ್ದೇಶ. ಸೌದೆ, ವಿದ್ಯುಚ್ಛಕ್ತಿ, ಹವಾಮಾನಗಳ ಲೆಕ್ಕವನ್ನು ನೋಡುವ ಅರ್ಥಶಾಸ್ತ್ರವು ಇಂದು ಲೋಕಕ್ಕೆ ಅತ್ಯಗತ್ಯವಾಗಿದೆ. ಅದಕ್ಕೆ ನಮ್ಮ ಊರಿನಲ್ಲಿಯೇ ಒಳ್ಳೆಯ ಮೇಲ್ಪಂಕ್ತಿಯಿದೆ.

1930ರಲ್ಲಿ ಬೆಂಗಳೂರಿನಲ್ಲಿ ಜನಿಸಿ 2006ರಲ್ಲಿ ದಿವಂಗತರಾದ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ಮೂಲತಃ ರಸಾಯನಶಾಸ್ತ್ರದ ವಿದ್ವಾಂಸರು. ಮಲ್ಲೇಶ್ವರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು 1974ರಲ್ಲಿ ಗ್ರಾಮೋಪಯೋಗಿ ತಂತ್ರಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಈ ಕೇಂದ್ರದವರು ಮನೆಮನೆಯ ಸೌದೆ, ನೀರು, ದುಡಿಮೆಗಳನ್ನು ಅಳೆದು ನೋಡಿದರು. ಹಳ್ಳಿಯ ಶಕ್ತಿಯ ಬಹುಪಾಲು ಸೌದೆಯಿಂದಲೇ ಬರುತ್ತಿತ್ತೆಂದೂ, ಒಲೆ ಸೌದೆ ನೀರುಗಳ ಭಾರ ಹೆಚ್ಚಾಗಿ ಹೆಂಗಸರ ಮತ್ತು ಮಕ್ಕಳ ಮೇಲಿತ್ತೆಂದೂ ಆಗ ಸ್ಪಷ್ಟವಾಯಿತು. ಪೇಟೆಯಲ್ಲಿ ಬೆಲೆಯಿಲ್ಲದ ಈ ದುಡಿಮೆಯು ಅಳೆಯುವವರಿಲ್ಲದಿದ್ದರೆ ಯಾವ ಲೆಕ್ಕದ ಪುಸ್ತಕವನ್ನೂ ಸೇರದು.

ಹಳ್ಳಿಯಲ್ಲಿ ಕಲಿತ ಈ ರೀತಿಯನ್ನೇ ಅವರು ಇಡೀ ರಾಜ್ಯಕ್ಕೆ ಅನ್ವಯಿಸಿದರು. 1991ರಲ್ಲಿ ಮೂವರು ಸಹೋದ್ಯೋಗಿಗಳೊಡನೆ ಕರ್ನಾಟಕದ ವಿದ್ಯುತ್ತಿಗೆ ಹೊಸದೊಂದು ಯೋಜನೆಯನ್ನು ಪ್ರಕಟಿಸಿದರು. ಆ ಮೂವರಲ್ಲಿ ಗ್ಲಾಡಿಸ್ ಸುಮಿತ್ರ, ಆಂಟೊನೆಟ್ ಡಿಸಾ ಎಂಬಿಬ್ಬರು ಸ್ತ್ರೀಯರು. ಎಷ್ಟು ಯೂನಿಟ್ಟು ಉತ್ಪತ್ತಿಯಾಗಬೇಕು ಎಂಬುದಕ್ಕೆ ಮೊದಲು, ಜನರಿಗೆ ಬೇಕಾದ ಬೆಳಕೆಷ್ಟು, ನೀರೆಷ್ಟು ಎಂದು ಇವರು ಕೇಳಿದರು. ಒಂದು ಯೂನಿಟ್ಟನ್ನು ಉತ್ಪಾದಿಸುವ ವೆಚ್ಚವನ್ನೂ ಉಳಿಸುವ ವೆಚ್ಚವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. ಉತ್ತಮವಾದ ದೀಪ, ಉತ್ತಮವಾದ ಪಂಪು, ಬಿಸಿಲಿನಿಂದ ಕಾಯುವ ಸ್ನಾನದ ನೀರು, ಇವು ಹೊಸ ವಿದ್ಯುದಾಗಾರಗಳಿಗಿಂತ ಅಗ್ಗವೆಂದು ತೋರಿಸಿದರು. ಸುಡದೆ ಉಳಿದ ಕಲ್ಲಿದ್ದಲು ಹೊಗೆಯನ್ನೂ ಉಗುಳದಷ್ಟೆ!

ಗೃಹಕೃತ್ಯವನ್ನು ಬಲ್ಲವರಿಗೆ ಈ ವಿವೇಕ ಹೊಸದಲ್ಲ. ಆದರೆ ವಿವೇಕವೊಂದೇ ಸಾಲದು. ಅದನ್ನು ಅಂಕಿಗಳಲ್ಲಿ ಸ್ಥಾಪಿಸಬಲ್ಲ ವಿದ್ಯೆಯೂ ಬೇಕು. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರಕ್ಷೇತ್ರವಿದೆ. ಸೂರ್ಯಾಸ್ತದ ನಂತರದ ವಿದ್ಯುತ್ತಿಗೆ ಬೆಲೆಯೆಷ್ಟು? ಭೂಮಿಯಿಲ್ಲದ ಕೂಲಿಯವಳಿಗೆ ಈ ಲಾಭದಲ್ಲಿ ಪಾಲೇನು? 1999ರಲ್ಲಿ ಸ್ಥಾಪಿತವಾದ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಬಹಿರಂಗ ವಿಚಾರಣೆ ನಡೆಸಿಯೇ ದರವನ್ನು ಗೊತ್ತುಮಾಡುತ್ತದೆ. ಅಲ್ಲಿ ಎದ್ದುನಿಂತು ಇಂತಹ ಪ್ರಶ್ನೆಗಳನ್ನು ಕೇಳಬಲ್ಲ ಸ್ತ್ರೀಯರು ನಮಗೆ ಬೇಕು.

ಆದುದರಿಂದ, ಪೋಷಕರೇ, ಮಗಳು ಅರ್ಥಶಾಸ್ತ್ರವನ್ನು ಬಯಸಿದಲ್ಲಿ ನಿರಾಶರಾಗಬೇಡಿರಿ. ನಮ್ಮ ಒಲೆಗಳ ಲೆಕ್ಕವನ್ನು ಇದುವರೆಗೆ ಬಹುಮಟ್ಟಿಗೆ ಅನ್ಯರೇ ಬರೆದರು. ಇನ್ನು ಅವಳೂ ಬರೆಯಲಿ.